ವಾಸಿ, ಪಾಡ, ಬರೇ: ಗುಣವಾಗದ ಕಾಯಿಲೆಯೂ ಮೂರು ಪದಗಳೂ



ಕಳೆದ ವರ್ಷ ಐಚ್ಛಿಕ ಕನ್ನಡದ ತರಗತಿಯಲ್ಲಿ ನಾನಾರ್ಥ ಪದಗಳ ಪಾಠ ನಡೆದಿತ್ತು. ‘ವಾಸಿ’ ಎಂಬ ಪದವನ್ನು ಬಳಸಿ ತಲಾ ಒಂದು ವಾಕ್ಯ ಬರೆಯಿರೆಂದು ಹೇಳಿದ್ದೆ. ಹೆಚ್ಚಿನವರು ‘ಜ್ವರ ವಾಸಿಯಾಯಿತು’, ‘ಗಾಯ ವಾಸಿಯಾಯಿತು’ ಎಂದು ಬರೆದರು. ಇಬ್ಬರು ‘ಸೊಲ್ಲಾಪುರವಾಸಿ’ ಎಂದು ಬರೆದು, ಅದು ಸಂಸ್ಕೃತದ ಬೇರೆಯೇ ಪದವೆಂದು ತಿಳಿದು ನಕ್ಕರು. ಕೊನೆಯ ಬೆಂಚಿನಿಂದ ಬಂದ ಒಂದು ಹಾಳೆಯಲ್ಲಿ ಮಾತ್ರ ಹೀಗಿತ್ತು: ‘ಬಚ್ಚಿಟ್ಟು ಚುಚ್ಚಿಕೊಳ್ಳುವುದಕ್ಕಿಂತ ಹೇಳಿ ಚುಚ್ಚಿಕೊಳ್ಳುವುದು ವಾಸಿ.’

ವಾಕ್ಯ ವ್ಯಾಕರಣಶುದ್ಧವಾಗಿತ್ತು, ಅರ್ಥ ನನಗೆ ತಿಳಿಯಲಿಲ್ಲ. ತರಗತಿ ಮುಗಿದ ಮೇಲೆ ಆ ವಿದ್ಯಾರ್ಥಿನಿ ತಾನೇ ಬಂದು ವಿವರಿಸಿದಳು. ಅವಳಿಗೆ ಬಾಲ್ಯದಿಂದಲೂ ಟೈಪ್ 1 ಮಧುಮೇಹ. ಪ್ರತಿ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಎರಡು ವರ್ಷ ಅವಳು ಅದನ್ನು ಕಾಲೇಜಿನ ಶೌಚಾಲಯದ ಬಾಗಿಲು ಹಾಕಿಕೊಂಡು, ಯಾರಿಗೂ ತಿಳಿಯದಂತೆ ಮಾಡುತ್ತಿದ್ದಳು. ಅವಳ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆ ಒಂದು ವಾಕ್ಯದಿಂದ ನಾನು ಕಲಿತದ್ದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ. ನನಗೂ ಗುಣವಾಗದ ಕಾಯಿಲೆಯೊಂದಿದೆ. ಅದರೊಡನೆ ಬಾಳುವುದಕ್ಕೆ ಔಷಧದಷ್ಟೇ ನೆರವಾದದ್ದು ನಮ್ಮ ಭಾಷೆಯ ಕೆಲವು ಪದಗಳು.

1. ಕಾಯಿಲೆಯ ಹೆಸರುಗಳು

ಗಡಿಯಲ್ಲಿ ಬಾಳುವ ನಮಗೆ ಕಾಯಿಲೆಯನ್ನು ಹೆಸರಿಸುವ ಪದಗಳು ಎರಡು ಭಾಷೆಗಳಿಂದ ಒದಗಿವೆ. ‘ರೋಗ’ ಎಂಬುದು ‘ಮುರಿ’ ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು. ಮರಾಠಿಯ ‘ಆಜಾರ’ ಫಾರಸಿಯಿಂದ ಬಂದದ್ದು. ಪೀಡೆ ಎಂಬುದು ಅದರ ಮೂಲಾರ್ಥ. ನಾವು ದಿನವೂ ಆಡುವ ‘ಆರಾಮ’ವೂ ಫಾರಸಿಯದೇ, ವಿಶ್ರಾಂತಿ ಎಂದು ಅರ್ಥ. ‘ಆರಾಮಿಲ್ಲ’ ಎನ್ನುವಾಗ ನಾವು ರೋಗವನ್ನು ಹೆಸರಿಸುವುದಿಲ್ಲ, ವಿಶ್ರಾಂತಿ ತಪ್ಪಿತೆಂದಷ್ಟೇ ಹೇಳುತ್ತೇವೆ. ‘ಜಡ್ಡು’ ಎಂಬ ಮಾತಿನ ಪಕ್ಕದಲ್ಲಿ ‘ಜಾಡ್ಯ’, ‘ಜಡ’ ಎಂಬ ಪದಗಳು ನಿಲ್ಲುತ್ತವೆ. ಮರಾಠಿಯಲ್ಲಿ ‘ಜಡ’ ಎಂದರೆ ಭಾರ. ಬಹುಕಾಲ ಬಿಡದ ಕಾಯಿಲೆಗೆ ನಮ್ಮ ಹಳ್ಳಿಗಳಲ್ಲಿ ‘ಬೆನ್ನು ಹತ್ತಿದ ಜಡ್ಡು’ ಎನ್ನುತ್ತಾರೆ.

ಇವುಗಳಲ್ಲಿ ನನಗೆ ಅತ್ಯಂತ ಅರ್ಥವತ್ತಾಗಿ ಕಾಣುವುದು ‘ಬೇನೆ’. ಇದು ‘ವೇದನೆ’ಯ ತದ್ಭವ. ‘ವೇದನೆ’ಯ ಮೂಲದಲ್ಲಿ ‘ತಿಳಿ’ ಎಂಬರ್ಥದ ಧಾತುವಿದೆ. ಮರಾಠಿಯ ‘ವೇಣಾ’ ಇದೇ ಕುಲದ್ದು, ಆದರೆ ಅದು ಹೆರಿಗೆಯ ನೋವಿಗೆ ಸೀಮಿತವಾಯಿತು. ಕನ್ನಡದ ‘ಬೇನೆ’ ಹೆರಿಗೆಗೂ ರೋಗಕ್ಕೂ ಉಳಿಯಿತು. ಬೇನೆಯೆಂದರೆ ದೇಹವು ತನ್ನನ್ನು ತಿಳಿಯಪಡಿಸುವ ಬಗೆ ಎಂದು ಓದಿಕೊಂಡರೆ ತಪ್ಪಿಲ್ಲ.

ಈ ಪದವಿವೇಕ ಬರಿಯ ಪಾಂಡಿತ್ಯವಲ್ಲವೆಂಬುದಕ್ಕೆ ನನ್ನ ಅನುಭವವೇ ಸಾಕ್ಷಿ. ನಲವತ್ತು ದಾಟಿದ ಮೇಲೆ ನನ್ನ ಕೈಬೆರಳುಗಳು ಬಾತುಕೊಳ್ಳತೊಡಗಿದವು. ದವಾಖಾನೆಗೆ ಹೋದಾಗಲೆಲ್ಲ ಮರಾಠಿಯಲ್ಲಿ ‘ದುಖತೇ’, ನೋಯುತ್ತದೆ, ಎಂದಷ್ಟೇ ಹೇಳುತ್ತಿದ್ದೆ. ನೋವಿಗೆ ಮಾತ್ರೆ ಕೊಡುತ್ತಿದ್ದರು. ಎರಡು ವರ್ಷ ಹೀಗೇ ಕಳೆಯಿತು. ಕೊನೆಗೊಬ್ಬ ವೈದ್ಯರು ‘ನೋವೋ, ಉರಿಯೋ, ಸೆಳೆತವೋ, ಬಿಗಿತವೋ?’ ಎಂದು ಬಿಡಿಸಿ ಕೇಳಿದರು. ಆಗ ಹೊಳೆಯಿತು: ಬೆಳಗ್ಗೆ ಏಳುವಾಗ ಇರುವುದು ನೋವಿಗಿಂತ ಹೆಚ್ಚಾಗಿ ಬಿಗಿತ. ಮುಷ್ಟಿ ಮಡಚಲು ಬರುವುದಿಲ್ಲ, ಎರಡು ಗಂಟೆ ಕಳೆದ ಮೇಲೆ ಸಡಿಲಾಗುತ್ತದೆ. ಇದನ್ನು ಹೇಳಿದೊಡನೆ ಅವರು ರಕ್ತಪರೀಕ್ಷೆಗೆ ಬರೆದರು. ಬೆಳಗಿನ ಹೊತ್ತು ಗಂಟೆಗಟ್ಟಲೆ ಇರುವ ಬಿಗಿತ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತದ ಮುಖ್ಯ ಲಕ್ಷಣಗಳಲ್ಲೊಂದು. ಈ ರೋಗದಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ಎರಗುತ್ತದೆ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಕೀಲುಗಳು ಉಳಿಯುತ್ತವೆ. ಭಾಷೆ ಕಲಿಸುವವನಾಗಿದ್ದೂ ನನ್ನ ಮೈಯ ಮಾತಿಗೆ ಸರಿಯಾದ ಪದ ಹುಡುಕದೆ ನಾನು ಎರಡು ವರ್ಷ ಕಳೆದುಕೊಂಡೆ.

2. ‘ಗುಣ’ ಎಂಬ ಪದ ಮಾಡಿದ ಅನಾಹುತ

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಚಿಕಿತ್ಸೆ ಆರಂಭವಾಗಿ ಕೆಲವು ತಿಂಗಳಾಗಿತ್ತು. ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಮಾತ್ರೆ, ಆಗಾಗ ರಕ್ತಪರೀಕ್ಷೆ. ‘ಇದು ಎಷ್ಟು ದಿನ?’ ಎಂದು ಕೇಳಿದಾಗ ‘ಬಹುಶಃ ಬಾಳಿನುದ್ದಕ್ಕೂ’ ಎಂದರು ವೈದ್ಯರು. ಅಂದು ಮನೆಗೆ ಬಂದು ಊಟ ಮಾಡಲಿಲ್ಲ. ಅದೇ ದಿನಗಳಲ್ಲಿ ಬಂಧುವೊಬ್ಬರು ಮದ್ದು ಕೊಡುವ ಒಬ್ಬರ ಬಳಿಗೆ ನನ್ನನ್ನು ಕರೆದೊಯ್ದರು. ಅವರು ಕೈ ನೋಡಿ ಮರಾಠಿಯಲ್ಲಿ ‘ಶಂಭರ ಟಕ್ಕೇ ಗುಣ ಯೇಯೀಲ’ ಎಂದರು.

ಇಲ್ಲಿ ಎರಡು ಭಾಷೆಗಳ ನಡುವಿನ ಸೂಕ್ಷ್ಮವನ್ನು ಗಮನಿಸಿ. ‘ಗುಣ’ ಎಂಬುದು ಎರಡೂ ಭಾಷೆಗಳಿಗೆ ಸಂಸ್ಕೃತದಿಂದ ಬಂದ ಪದ. ಕನ್ನಡದಲ್ಲಿ ‘ಗುಣವಾಗು’ ಎಂದರೆ ರೋಗ ಪೂರ್ತಿ ಹೋಗುವುದು. ಮರಾಠಿಯಲ್ಲಿ ‘ಗುಣ ಯೇಣೇ’ ಎಂದರೆ ಔಷಧ ಪರಿಣಾಮ ತೋರುವುದು, ರೋಗಿಗೆ ಒಂದಿಷ್ಟು ಹಗುರವಾಗುವುದು. ಕನ್ನಡದ ‘ಕೈಗುಣ’ದಲ್ಲಿ ಈ ಅರ್ಥದ ನೆರಳಿದೆ. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲೂ ಮುಂದೆ ಮರಾಠಿ ಶಾಲೆಯಲ್ಲೂ ಓದಿದ ನನಗೆ ಈ ವ್ಯತ್ಯಾಸ ತಿಳಿಯದಿರಲಿಲ್ಲ. ಆದರೆ ಅಂದು ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಿದೆ. ಭಯಗೊಂಡ ಮನಸ್ಸು ಎರಡು ಅರ್ಥಗಳಲ್ಲಿ ತನಗೆ ಬೇಕಾದುದನ್ನೇ ಆರಿಸಿಕೊಳ್ಳುತ್ತದೆ.

ಹನ್ನೊಂದು ವಾರ ಮಾತ್ರೆ ನಿಲ್ಲಿಸಿದೆ. ಬಲಗೈಯ ಎರಡು ಬೆರಳುಗಳು ವಾರೆಯಾದವು. ಅವು ಮತ್ತೆ ನೆಟ್ಟಗಾಗಲಿಲ್ಲ. ತಪ್ಪು ನನ್ನದೇ. ಈ ಸಂಗತಿಯನ್ನು ಬರೆಯಲು ನನಗೆ ಸಂಕೋಚವಿದೆ. ಆದರೆ ಆಶಾವಾದದ ಕುರಿತು ಬರೆಯುವವನು ಸುಳ್ಳು ಆಶೆಗೆ ತಾನು ತೆತ್ತ ಬೆಲೆಯನ್ನು ಮುಚ್ಚಿಡಬಾರದು.

3. ವಾಸಿ, ಪಾಡ, ಬರೇ

ಹಾಗಾದರೆ ‘ಗುಣ’ದ ಆಶೆ ಇಲ್ಲದವನಿಗೆ ಯಾವ ಆಶೆ ಉಳಿಯಿತು? ‘ವಾಸಿ’ ಪದದ ಅರ್ಥಗಳನ್ನು ನೋಡೋಣ.

ಒಂದು: ಗುಣ ಹೊಂದುವುದು, ‘ಗಾಯ ವಾಸಿಯಾಯಿತು.’ ಎರಡು: ಮೇಲು, ‘ಅದಕ್ಕಿಂತ ಇದು ವಾಸಿ.’ ಮೂರು: ಪಾಲು, ‘ಅರೆವಾಸಿ’, ‘ಮುಕ್ಕಾಲುವಾಸಿ.’ ನಾಲ್ಕು: ಹಳೆಯ ಕಾವ್ಯಗಳಲ್ಲಿ ಬರುವ ಪಂಥ ಅಥವಾ ಛಲ. ಇವೆಲ್ಲವೂ ಒಂದೇ ಬೇರಿನವೆಂದು ನಾನು ಸಾಧಿಸಹೊರಟಿಲ್ಲ. ಒಂದೇ ಉಚ್ಚಾರದಲ್ಲಿ ಇವು ಕೂಡಿಬಂದಿವೆಯೆಂಬುದಷ್ಟೇ ಇಲ್ಲಿ ಪ್ರಸ್ತುತ. ನನ್ನ ಕಾಯಿಲೆ ಮೊದಲನೆಯ ಅರ್ಥದಲ್ಲಿ ವಾಸಿಯಾಗದು. ಆದರೆ ಎರಡನೆಯ ಅರ್ಥದಲ್ಲಿ ದಿನವೂ ವಾಸಿಯಾಗಬಲ್ಲುದು: ನಿನ್ನೆಗಿಂತ ಇಂದು ವಾಸಿ, ಬೆಳಗಿಗಿಂತ ಮಧ್ಯಾಹ್ನ ವಾಸಿ.

ಸೋಜಿಗವೆಂದರೆ ಮರಾಠಿಯೂ ಇದೇ ದಾರಿ ಹಿಡಿದಿದೆ. ‘ಬರಾ ಹೋಣೇ’ ಎಂದರೆ ಗುಣವಾಗುವುದು; ‘ತ್ಯಾಪೇಕ್ಷಾ ಹೇ ಬರೇ’ ಎಂದರೆ ಅದಕ್ಕಿಂತ ಇದು ಮೇಲು. ನೆರೆಹೊರೆಯ ಎರಡು ಭಾಷೆಗಳು ಚೇತರಿಕೆಯನ್ನೂ ಹೋಲಿಕೆಯನ್ನೂ ಒಂದೊಂದೇ ಪದದಲ್ಲಿ ಇರಿಸಿಕೊಂಡಿವೆ.

ಇನ್ನು ನಮ್ಮ ಆಡುಮಾತು. ‘ವಾಸಿ’ ನನಗೆ ಪುಸ್ತಕದಿಂದ ಬಂದ ಪದ. ಮನೆಯಲ್ಲಿ ಕೇಳಿದ್ದು ‘ಪಾಡ’. ನನ್ನ ತಾಯಿಗೆ ದಮ್ಮು ಇತ್ತು. ಚಳಿಗಾಲದ ರಾತ್ರಿಗಳನ್ನು ಆಕೆ ಗೋಡೆಗೆ ಒರಗಿ ಕುಳಿತೇ ಕಳೆಯುತ್ತಿದ್ದಳು. ಬೆಳಗ್ಗೆ ‘ಹ್ಯಾಂಗ ಅದ ಅವ್ವಾ?’ ಎಂದು ಕೇಳಿದರೆ ‘ನಿನ್ನಿಕಿಂತ ಪಾಡ ಅದ’ ಎನ್ನುತ್ತಿದ್ದಳು. ನಿನ್ನೆಗಿಂತ ಮೇಲೆನ್ನಲಾಗದ ದಿನ ‘ರಾತ್ರಿಕಿಂತ ಪಾಡ ಅದ’ ಎನ್ನುತ್ತಿದ್ದಳು. ಅದೂ ನಿಜವಲ್ಲದ ದಿನ ‘ಇವತ್ತ ಪಾಡಿಲ್ಲ’ ಎಂದುಬಿಡುತ್ತಿದ್ದಳು. ನಮ್ಮನ್ನು ಸಮಾಧಾನಪಡಿಸಲೆಂದು ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ. ಆದ್ದರಿಂದಲೇ ಆಕೆ ‘ಪಾಡ ಅದ’ ಎಂದ ದಿನ ಮನೆಯವರೆಲ್ಲ ಅದನ್ನು ನಂಬಿ ನಿಶ್ಚಿಂತರಾಗುತ್ತಿದ್ದೆವು. ಗ್ರಂಥಭಾಷೆಯಲ್ಲಿ ‘ಪಾಡು’ ಎಂದರೆ ಸ್ಥಿತಿ, ರೂಢಿಯಲ್ಲಿ ಕಷ್ಟದ ಸ್ಥಿತಿ. ನಮ್ಮ ಕಡೆ ‘ಪಾಡ’ ಎಂದರೆ ಒಳ್ಳೆಯದು, ಮೇಲು. ಎರಡನ್ನೂ ಕೇಳಿ ಬೆಳೆದ ಕಿವಿಗೆ ಕಷ್ಟವೂ ಮೇಲೂ ಒಂದೇ ಮನೆಯಲ್ಲಿ ವಾಸಿಸುವಂತೆ ತೋರುತ್ತದೆ.

ವ್ಯಾಕರಣದ ಒಂದು ಮಾತನ್ನೂ ಇಲ್ಲಿ ಸೇರಿಸಬೇಕು. ಸಂಸ್ಕೃತದಲ್ಲಿ ‘ತರ’, ‘ತಮ’ ಪ್ರತ್ಯಯಗಳು ಗುಣವಾಚಕಕ್ಕೆ ಹತ್ತುತ್ತವೆ. ಕನ್ನಡದಲ್ಲಿ ಗುಣವಾಚಕ ಬದಲಾಗದು. ಯಾವುದರೊಡನೆ ಹೋಲಿಸುತ್ತೇವೋ ಆ ಪದಕ್ಕೆ ‘ಇಂತ’ ಸೇರುತ್ತದೆ: ನಿನ್ನೆಗಿಂತ, ಅದಕ್ಕಿಂತ. ಅಂದರೆ ನಮ್ಮ ಭಾಷೆಯಲ್ಲಿ ಹೋಲಿಕೆಯ ಭಾರ ಬೀಳುವುದು ‘ಇಂತ’ದ ಹಿಂದಿರುವ ಪದದ ಮೇಲೆ. ಅಲ್ಲಿ ಏನನ್ನು ಇರಿಸಬೇಕೆಂಬುದು ರೋಗಿಯ ಕೈಯಲ್ಲಿದೆ. ‘ಇಪ್ಪತ್ತರ ಹರೆಯದ ನನಗಿಂತ’ ಎಂದು ಇರಿಸಿದರೆ ಪ್ರತಿದಿನವೂ ಸೋಲು. ‘ಆ ಬಡಪಾಯಿಗಿಂತ’ ಎಂದು ಇರಿಸಿದರೆ ಇನ್ನೊಬ್ಬರ ದುಃಖದಿಂದ ನಮ್ಮ ಸುಖವನ್ನು ಕಡ ತಂದಂತೆ. ಅದು ಬಹುದಿನ ಬಾಳದು. ತಾಯಿ ಅಲ್ಲಿ ನಿನ್ನೆಯನ್ನು ಇರಿಸುತ್ತಿದ್ದಳು, ಇಲ್ಲವೇ ರಾತ್ರಿಯನ್ನು. ತನ್ನದೇ ಬಾಳಿನ, ತೀರ ಹತ್ತಿರದ ಒಂದು ಗಳಿಗೆಯನ್ನು.

4. ಯಾಪ್ಯ: ಊರೆಗಂಬದ ಮನೆ

ನಮ್ಮ ಪ್ರಾಚೀನ ವೈದ್ಯಶಾಸ್ತ್ರ ಈ ವಿಚಾರವನ್ನು ಸ್ಪಷ್ಟವಾಗಿ ಬಲ್ಲುದಾಗಿತ್ತು. ಚರಕಸಂಹಿತೆ ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಪ್ರತ್ಯಾಖ್ಯೇಯ ಎಂದು ವಿಂಗಡಿಸುತ್ತದೆ. ಸುಲಭವಾಗಿ ಗುಣವಾಗುವುದು, ಕಷ್ಟದಿಂದ ಗುಣವಾಗುವುದು, ಗುಣವಾಗದಿದ್ದರೂ ಪಥ್ಯ ಔಷಧಗಳಿಂದ ಸಾಗಿಸಿಕೊಂಡು ಹೋಗಬಹುದಾದುದು, ವೈದ್ಯನು ಕೈಬಿಡಬೇಕಾದುದು ಎಂದು ಇವುಗಳ ಅರ್ಥ. ‘ಯಾಪ್ಯ’ದ ಧಾತುವಿಗೆ ‘ಸಾಗು’ ಎಂದು ಅರ್ಥ, ‘ಕಾಲಯಾಪನೆ’ಯಲ್ಲಿರುವುದೂ ಅದೇ. ಯಾಪ್ಯರೋಗಿಗೆ ಚಿಕಿತ್ಸೆ ಹೇಗೆ ಆಧಾರವಾಗುತ್ತದೆಂಬುದಕ್ಕೆ ಸುಶ್ರುತಸಂಹಿತೆ ಒಂದು ಉಪಮೆ ಕೊಡುತ್ತದೆ: ಬೀಳಲಿರುವ ಮನೆಯನ್ನು ಸರಿಯಾಗಿ ನಿಲ್ಲಿಸಿದ ಕಂಬವು ಹಿಡಿದಿಡುವಂತೆ.

ಈ ಶಾಸ್ತ್ರಪರಂಪರೆ ಕನ್ನಡಕ್ಕೂ ನಮ್ಮ ಊರಿಗೂ ದೂರದ್ದಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದನು. ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ ಸಂಪಾದಿತವಾಗಿ 1940ರಲ್ಲಿ ಪ್ರಕಟವಾದದ್ದು ಸೊಲ್ಲಾಪುರದಿಂದಲೇ.

ಸುಶ್ರುತನ ಉಪಮೆಯನ್ನು ನಾನು ಓದುವ ಮುಂಚೆಯೇ ಕಣ್ಣಾರೆ ಕಂಡಿದ್ದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ನಮ್ಮ ಹಳ್ಳಿಯ ಮಾಳಿಗೆ ಮನೆಯ ನಡುಮನೆಯ ತೊಲೆ ಸೀಳುಬಿಟ್ಟಿತು. ಮನೆ ಕೆಡವಿ ಕಟ್ಟುವ ಶಕ್ತಿ ತಂದೆಗಿರಲಿಲ್ಲ. ಬಡಿಗರು ಬಂದು ಬೇವಿನ ಊರೆಗಂಬವೊಂದನ್ನು ನಡುಮನೆಯಲ್ಲಿ ನಿಲ್ಲಿಸಿದರು. ಮೊದಮೊದಲು ಓಡಾಡುವಾಗ ಎಲ್ಲರೂ ಅದಕ್ಕೆ ಎಡವುತ್ತಿದ್ದೆವು, ಶಪಿಸುತ್ತಿದ್ದೆವು. ಮರುವರ್ಷ ತಂಗಿಯ ಮದುವೆಯಾಯಿತು. ಬಂದ ಹೆಂಗಸರು ಆ ಕಂಬಕ್ಕೇ ಮಾವಿನ ತೋರಣ ಸುತ್ತಿ, ಬಾಸಿಂಗವನ್ನು ಅದರ ಮೊಳೆಗೇ ತೂಗುಹಾಕಿದರು. ಆ ಮನೆಯಲ್ಲಿ ನಮ್ಮವರು ಇನ್ನೂ ಹದಿನಾರು ವರ್ಷ ಬಾಳಿದರು.

ನನ್ನ ಮಾತ್ರೆಯೂ ಆ ವಿದ್ಯಾರ್ಥಿನಿಯ ಸೂಜಿಯೂ ಇಂಥ ಊರೆಗಂಬಗಳೇ. ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ. ಕೆನಡಾದ ಟೊರಾಂಟೋದಲ್ಲಿ ರೋಗಿಯೊಬ್ಬನಿಗೆ ಮೊದಲು ಕೊಟ್ಟದ್ದು 1922ರ ಜನವರಿಯಲ್ಲಿ. ಅದಕ್ಕೆ ಮುಂಚೆ ಈ ಮಧುಮೇಹ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ವೈದ್ಯನು ಕೈಬಿಡುತ್ತಿದ್ದ ರೋಗವನ್ನು ಒಂದು ಸೂಜಿ ‘ಯಾಪ್ಯ’ದ ಸಾಲಿಗೆ ತಂದು ನಿಲ್ಲಿಸಿತು. ಅದನ್ನು ಬಚ್ಚಿಡಲು ಕಾರಣವೇನಿದೆ?

5. ಸಾಹಿತ್ಯವನ್ನು ಓದುವಾಗ

ಸಾಹಿತ್ಯದ ವಿದ್ಯಾರ್ಥಿಗಳಾದ ನೀವು ಎರಡು ಎಚ್ಚರಗಳನ್ನು ಇಟ್ಟುಕೊಳ್ಳಬೇಕು. ಮೊದಲನೆಯದು ರೂಪಕದ ಎಚ್ಚರ. ವಚನಗಳಲ್ಲೂ ಕೀರ್ತನೆಗಳಲ್ಲೂ ಸಂಸಾರವೇ ರೋಗ, ಗುರುವೇ ವೈದ್ಯ ಎಂಬ ಕಲ್ಪನೆ ಮತ್ತೆ ಮತ್ತೆ ಬರುತ್ತದೆ. ಸಿದ್ಧರಾಮೇಶ್ವರನ ಹೆಸರುಳ್ಳ ಅಂಕಿತದ ವಚನಕಾರ ವೈದ್ಯ ಸಂಗಣ್ಣನು ತನ್ನ ಕಾಯಕದ ಪರಿಭಾಷೆಯನ್ನೇ ಅನುಭಾವಕ್ಕೆ ದುಡಿಸಿಕೊಂಡವನು. ‘ಭವರೋಗ’ದ ವ್ಯಾಖ್ಯಾನ ಬರೆದು ಅಂಕ ಪಡೆಯುವುದು ಸುಲಭ, ಆದರೆ ಆ ರೂಪಕಕ್ಕೆ ಬಲ ಬಂದದ್ದು ನಿಜವಾದ ಮೈಗಳ ನಿಜವಾದ ಜ್ವರದಿಂದ ಎಂಬುದನ್ನು ಮರೆಯಬಾರದು.

ಎರಡನೆಯದು ವೈಭವೀಕರಣದ ಎಚ್ಚರ. ಮುದ್ದಣನು 1901ರಲ್ಲಿ, 31ರ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡನು. ಅವನ ‘ಶ್ರೀರಾಮಾಶ್ವಮೇಧಂ’ ಕೃತಿಯ ಮುದ್ದಣ-ಮನೋರಮೆಯರ ಸಲ್ಲಾಪದಷ್ಟು ಹರ್ಷದ ಗದ್ಯ ನಮ್ಮಲ್ಲಿ ವಿರಳ. ಹಾಗೆಂದು ರೋಗವೇ ಪ್ರತಿಭೆಯನ್ನು ಕೊಟ್ಟಿತೆಂದು ಬರೆಯಬೇಡಿ. ರೋಗ ಕೊಡುವುದಿಲ್ಲ, ಕಸಿಯುತ್ತದೆ. ಅದು ಕಸಿಯದೆ ಬಿಟ್ಟದ್ದರಲ್ಲಿ ಮನುಷ್ಯನು ದುಡಿಯುತ್ತಾನೆ. ಯು. ಆರ್. ಅನಂತಮೂರ್ತಿಯವರು ಕೊನೆಯ ವರ್ಷಗಳಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಬರೆಯುತ್ತಿದ್ದರು. ಅವರ ಆತ್ಮಕಥನ ‘ಸುರಗಿ’ 2012ರಲ್ಲಿ ಬಂದಿತು. 2014ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡ ಮೇಲೂ ಒಂದು ಪುಸ್ತಕ ಹೊರಬಂದಿತು.

ಮರಾಠಿಯ ಕಡೆಗೆ ತಿರುಗಿದರೆ ಬಾಬಾ ಆಮಟೆಯವರಿದ್ದಾರೆ. ಕುಷ್ಠರೋಗಿಗಳಿಗಾಗಿ ಕಟ್ಟಿದ ನೆಲೆಗೆ ಅವರು ಇಟ್ಟ ಹೆಸರು ಆನಂದವನ. ಬೆನ್ನುಹುರಿಯ ಬಾಧೆಯಿಂದ ಅವರಿಗೆ ಕುಳಿತುಕೊಳ್ಳಲು ಬರುತ್ತಿರಲಿಲ್ಲ. ನಿಲ್ಲಬೇಕು, ಇಲ್ಲವೇ ಮಲಗಬೇಕು. ಅಂಥ ಬೆನ್ನನ್ನು ಇಟ್ಟುಕೊಂಡೇ 1985ರಲ್ಲಿ, ಎಪ್ಪತ್ತು ದಾಟಿದ ಮೇಲೆ, ‘ಭಾರತ ಜೋಡೋ’ ಎಂದು ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೊರಟರು.

6. ಸಂತೋಷದ ಲೆಕ್ಕ

ದೊಡ್ಡವರ ಮಾತು ಇರಲಿ. ನನ್ನ ಸಣ್ಣ ಲೆಕ್ಕವನ್ನು ಹೇಳಿ ಮುಗಿಸುತ್ತೇನೆ. ಸೀಮೆಸುಣ್ಣ ಹಿಡಿಯಲು ಬಾರದಾದಾಗ ಕೆಲಸ ಬಿಡಬೇಕೆಂದು ಅರ್ಜಿ ಬರೆದಿಟ್ಟಿದ್ದೆ. ಆ ವಾರ ಒಬ್ಬ ವಿದ್ಯಾರ್ಥಿ ಎದ್ದು ಬಂದು ‘ಸರ, ನೀವು ಹೇಳ್ರಿ, ನಾ ಬರಿತೀನಿ’ ಎಂದ. ಅಂದಿನಿಂದ ಹಲಗೆಯ ಮೇಲೆ ಸರದಿಯಂತೆ ನೀವೇ ಬರೆಯುತ್ತೀರಿ. ‘ಹ’ಕಾರ ‘ಅ’ಕಾರಗಳ ನಿಮ್ಮ ಗೊಂದಲ, ಮರಾಠಿ ಹ್ರಸ್ವದೀರ್ಘಗಳು ಕನ್ನಡಕ್ಕೆ ನುಸುಳುವ ಬಗೆ, ಇವೆಲ್ಲ ಹಲಗೆಯ ಮೇಲೆಯೇ ಬಯಲಾಗಿ ಅಲ್ಲಿಯೇ ತಿದ್ದುಪಡಿಯಾಗುತ್ತವೆ. ನಾನು ಬರೆಯುತ್ತಿದ್ದ ಕಾಲಕ್ಕಿಂತ ಪಾಠ ವಾಸಿ. ಅರ್ಜಿ ಇನ್ನೂ ಮೇಜಿನ ಖಾನೆಯಲ್ಲಿದೆ.

ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ನಂದಿಧ್ವಜಗಳು ಊರಿನ 68 ಲಿಂಗಗಳಿಗೆ ಹೋಗುವ ‘ಎಣ್ಣೆಮಜ್ಜನ’ದ ದಿನ ನಾನು ಮೊದಲು ಜೊತೆಗೇ ನಡೆಯುತ್ತಿದ್ದೆ. (ಮರಾಠಿ ಪತ್ರಿಕೆಗಳೂ ಅದನ್ನು ‘ಯಣ್ಣೀಮಜ್ಜನ’ ಎಂದೇ ಅಚ್ಚುಮಾಡುತ್ತವೆ, ಕನ್ನಡ ಪದ ಅಲ್ಲಿ ಹಾಗೆಯೇ ಉಳಿದಿದೆ.) ಈಗ ನಡೆಯಲಾರೆ. ಎರಡು ವರ್ಷ ಮುನಿಸಿಕೊಂಡು ಮನೆಯಲ್ಲಿ ಕುಳಿತೆ. ಮೂರನೆಯ ವರ್ಷ ಗೆಳೆಯರೊಬ್ಬರ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡೆ. ಹಿಂದೆ ನಡೆಯುವಾಗ ಕಂಡದ್ದು ಮುಂದಿನವರ ಬೆನ್ನು. ಕುಳಿತಾಗ ಏಳೂ ನಂದಿಧ್ವಜಗಳು ಒಂದೊಂದಾಗಿ ನನ್ನೆದುರು ಹಾದುಹೋದವು. ಬಾರಾಬಂದಿ ತೊಟ್ಟ ಹುಡುಗನೊಬ್ಬ ಅಷ್ಟೆತ್ತರದ ಧ್ವಜವನ್ನು ಸೊಂಟದ ಪಟ್ಟಿಯಲ್ಲಿ ನಿಲ್ಲಿಸಿಕೊಂಡು ತೂಗುವಾಗ ಅವನ ಮುಖದ ಬೆವರನ್ನು ಮೊದಲ ಸಲ ಕಂಡೆ. ನಡೆಯಲಾಗದ ದುಃಖ ಅಂದೂ ಇತ್ತು, ಇಂದೂ ಇದೆ. ಆದರೆ ಆ ಸಂತೋಷವೂ ನಿಜ.

ಎಲ್ಲ ದಿನಗಳೂ ಹೀಗಿರುವುದಿಲ್ಲ. ಮಾತ್ರೆ ನುಂಗಿದ ಮರುದಿನ ಮೈ ಭಾರವಾಗಿ ಯಾರೊಡನೆಯೂ ಮಾತು ಬೇಡವೆನಿಸುತ್ತದೆ. ಅಂದು ತಾಯಿಯ ಮೂರನೆಯ ವಾಕ್ಯವನ್ನು ಹೇಳುತ್ತೇನೆ: ‘ಇವತ್ತ ಪಾಡಿಲ್ಲ.’ ಹಾಗೆ ಹೇಳಲು ಬರುವುದೂ ಒಂದು ಬಿಡುಗಡೆ.

ಆ ವಿದ್ಯಾರ್ಥಿನಿಯ ವಾಕ್ಯಕ್ಕೆ ನಾನು ಪೂರ್ಣಾಂಕ ಕೊಟ್ಟೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಇನ್ಸುಲಿನ್ನನ್ನು ತಂಪಾಗಿ ಇಡಬೇಕು. ವಿಭಾಗದ ಮೂಲೆಯಲ್ಲಿ ಕುಡಿಯುವ ನೀರಿನ ಮಡಕೆಯ ಪಕ್ಕದಲ್ಲಿ ಈಗ ಒದ್ದೆ ಮರಳಿನಲ್ಲಿ ಕೂರಿಸಿದ ಒಂದು ಚಿಕ್ಕ ಮಡಕೆಯಿದೆ. ಊಟದ ಬಿಡುವಿನಲ್ಲಿ ಅವಳು ಬಂದು, ಅದರ ಮುಚ್ಚಳ ತೆಗೆದು, ನಮ್ಮೆಲ್ಲರೊಡನೆ ಮಾತಾಡುತ್ತಲೇ ತನ್ನ ಕೆಲಸ ಮುಗಿಸಿ ಡಬ್ಬಿ ಬಿಚ್ಚುತ್ತಾಳೆ.

ಅಭ್ಯಾಸಕ್ಕೆ

1. ‘ವಾಸಿ’ ಪದದ ನಾಲ್ಕು ಅರ್ಥಗಳಿಗೆ ಸ್ವಂತ ವಾಕ್ಯಗಳನ್ನು ಬರೆಯಿರಿ.
2. ಕನ್ನಡ, ಮರಾಠಿ ಎರಡರಲ್ಲೂ ಇದ್ದು ಅರ್ಥ ಬೇರೆಯಾದ (‘ಗುಣ’ದಂಥ) ಐದು ಪದಗಳನ್ನು ಪಟ್ಟಿಮಾಡಿ, ಅವುಗಳಿಂದ ಆಗಬಹುದಾದ ತಪ್ಪು ಗ್ರಹಿಕೆಯನ್ನು ವಿವರಿಸಿರಿ.
3. ನೋವು, ಉರಿ, ಸೆಳೆತ, ಬಿಗಿತ, ಜೋಮು: ಇವುಗಳ ನಡುವಿನ ವ್ಯತ್ಯಾಸವನ್ನು ವೈದ್ಯರಿಗೆ ತಿಳಿಯುವಂತೆ ಬರೆಯಿರಿ.
4. ನಿಮ್ಮ ಮನೆಯಲ್ಲಿ ಬಹುಕಾಲದಿಂದ ಜಡ್ಡಿನೊಡನೆ ಬಾಳುತ್ತಿರುವ ಹಿರಿಯರಿದ್ದರೆ, ‘ಹ್ಯಾಂಗ ಅದ?’ ಎಂದು ಒಂದು ವಾರ ದಿನವೂ ಕೇಳಿರಿ. ಅವರು ‘ಇಂತ’ದ ಹಿಂದೆ ಏನನ್ನು ಇರಿಸುತ್ತಾರೆಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿರಿ. ಉತ್ತರಪತ್ರಿಕೆ ತರದಿದ್ದರೂ ನಡೆದೀತು. ಕೇಳುವುದನ್ನು ಮಾತ್ರ ಬಿಡಬೇಡಿ.